ಓಬಯ್ಯಜ್ಜನಿಗೆ ಆರೂವರೆ ಅಡಿ ಕಲ್ಲು

೧೯೯೬ರ ವಸಂತದಲ್ಲಿ ಉತ್ತರ ಕೆರೊಲಿನಾದ ಕನ್ನಡಿಗರ ಮುಂದೆ ಅತ್ಯಂತ ಗಂಭೀರವಾದ ಪ್ರಶ್ನೆಯೊಂದು ಎದ್ದು ನಿಂತಿತ್ತು. ನೂರೈವತ್ತು ಜನರ ಸಾರಿಗೆ ಒಗ್ಗರಣೆ ಹಾಕುವುದು ಎಲ್ಲಿ? ಆ ವರ್ಷ ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆಯೂ ಇತ್ತು. ಆದರೆ ಅದನ್ನು ನೋಡಿಕೊಳ್ಳಲು ಬೇರೆ ಜನ ಇದ್ದರು. ಒಗ್ಗರಣೆಯ ಹೊಣೆ ಹೊತ್ತವನು ಕನ್ನಡ ಕೂಟದ ಅಧ್ಯಕ್ಷ ಮಹಾಂತಪ್ಪ ಒಬ್ಬನೇ.

ಪ್ರಶ್ನೆ ಹುಟ್ಟಿದ್ದು ಸಂಕ್ರಾಂತಿಯಂದು, ಕ್ಯಾರಿ ಎಂಬ ಊರಿನ ಒಂದು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ. ಬ್ಯಾಡಗಿ ಮೆಣಸಿನಕಾಯಿ ಕಾದ ಎಣ್ಣೆಗೆ ಬಿದ್ದದ್ದೇ ತಡ, ಚಾವಣಿಯ ಸ್ಮೋಕ್ ಅಲಾರ್ಮ್ ಬಾಯಿ ಬಡಿದುಕೊಂಡಿತು. ಎರಡು ಫೈರ್ ಇಂಜಿನ್ ಬಂದವು. ಹೆಲ್ಮೆಟ್ ತೊಟ್ಟ ಧಾಂಡಿಗರು ಕೊಡಲಿ ಹಿಡಿದು ಒಳಗೆ ನುಗ್ಗಿದರು, ಕೆಮ್ಮುತ್ತ ಹೊರಗೆ ಓಡಿದರು, ಮಾಸ್ಕ್ ಹಾಕಿಕೊಂಡು ಮತ್ತೆ ಬಂದರು. ಬೆಂಕಿ ಎಲ್ಲಿ ಎಂದು ಹುಡುಕಿದರೆ ಒಂದು ಸೌಟು ಸಿಕ್ಕಿತು. ಇನ್ನು ಮುಂದೆ ಇಲ್ಲಿ ಹಬ್ಬ ಮಾಡುವುದಾದರೆ ಸ್ಯಾಂಡ್‌ವಿಚ್ ತಿಂದು ಮಾಡಿ ಎಂದು ಕ್ಲಬ್‌ಹೌಸಿನ ಮ್ಯಾನೇಜರು ಹೇಳಿಬಿಟ್ಟಳು.

ಏಪ್ರಿಲಿನಲ್ಲಿ ಬಸವ ಜಯಂತಿ. ಅಲ್ಲಿಯೇ ಮಾಡಿ ಅಲ್ಲಿಯೇ ಬಡಿಸುವ ಜೋಳದ ರೊಟ್ಟಿ, ಎಣ್ಣೆಗಾಯಿ, ಹೋಳಿಗೆ ಇರುತ್ತದೆ ಎಂದು ಮಹಾಂತಪ್ಪ ಎಲ್ಲರೆದುರು ಮಾತು ಕೊಟ್ಟಾಗಿತ್ತು. ಅವನು ಬಾಗಲಕೋಟೆಯ ಕಡೆಯವನು. ಕೂಟದಲ್ಲಿ ಮುಕ್ಕಾಲು ಪಾಲು ಬೆಂಗಳೂರು–ಮೈಸೂರಿನವರು. ಅಧ್ಯಕ್ಷಗಿರಿಯನ್ನು ಉತ್ತರ ಕರ್ನಾಟಕಕ್ಕೆ ಕೊಟ್ಟಿದ್ದು ಈ ಒಂದು ಸಲ ನೋಡೋಣ ಎನ್ನುವ ಧೋರಣೆಯಲ್ಲಿ. ಕಾರ್ಯದರ್ಶಿ ಗುರುರಾಜ ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದ.

“ಏನ್ ಸಾರ್, ಹಾಲ್ ಫೈನಲೈಸ್ ಆಯ್ತಾ?”

“ನೋಡಾಕತ್ತೀನಿ.”

“ನೋಡಿ ನೋಡಿ. ಸಿಗ್ಲಿಲ್ಲ ಅಂದ್ರೆ ಹೇಳ್ಬಿಡಿ, ರಾಲಿಯಲ್ಲಿ ಹೋಟೆಲ್ ಬುಕ್ ಮಾಡ್ಬಿಡ್ತೀನಿ. ನಾನ್, ಪನೀರ್ ಬಟರ್ ಮಸಾಲಾ, ಅವರೇ ಕ್ಲೀನ್ ಮಾಡ್ಕೋತಾರೆ. ಆಮೇಲೆ ನೆಕ್ಸ್ಟ್ ಇಯರ್ ಪ್ರೆಸಿಡೆಂಟ್ ಯಾರು ಅನ್ನೋದನ್ನೂ ಸ್ವಲ್ಪ ಡಿಸ್ಕಸ್ ಮಾಡ್ಬೇಕು. ಬೇಜಾರ್ ಮಾಡ್ಕೋಬೇಡಿ ಸಾರ್, ಜನರಲ್ಲಾಗಿ ಹೇಳ್ದೆ.”

ಬಸವಣ್ಣನ ಹುಟ್ಟುಹಬ್ಬಕ್ಕೆ ಪನೀರ್ ಬಟರ್ ಮಸಾಲಾ. ಮಹಾಂತಪ್ಪ ಅಂದು ರಾತ್ರಿ ಸರಿಯಾಗಿ ಉಣ್ಣಲಿಲ್ಲ.

ಕ್ಯಾರಿಯಿಂದ ಸ್ವಲ್ಪ ಆಚೆಗೆ, ನಾಲ್ಕು ದಿಕ್ಕಿನಿಂದಲೂ ಹೊಸ ಬಡಾವಣೆಗಳು ಮುತ್ತಿಕೊಂಡಿದ್ದ ಹಳೆಯ ಬ್ಯಾಪ್ಟಿಸ್ಟ್ ಚರ್ಚೊಂದಿತ್ತು. ಹೆಸರು ಕ್ರೆನ್‌ಶಾ ಚಾಪೆಲ್. ಚರ್ಚಿನ ಹಿಂದೆ ಹಾಲ್, ಹಾಲ್‌ನ ಹಿಂದೆ ಅಡುಗೆಮನೆ. ಅಡುಗೆಮನೆಯಲ್ಲಿ ಎಂಟು ಬರ್ನರಿನ ಗ್ಯಾಸ್ ಒಲೆ. ಅದರ ನೆತ್ತಿಯ ಮೇಲೆ, ಗುಂಡಿ ಒತ್ತಿದರೆ ಲಾರಿಯಂತೆ ಗುಡುಗುವ ಎಕ್ಸಾಸ್ಟ್ ಫ್ಯಾನು. ಇಲ್ಲಿ ಒಂದು ಚೀಲ ಮೆಣಸಿನಕಾಯಿ ಹುರಿದರೂ ಸುದ್ದಿ ಮೋಡಗಳಿಗೆ ಮಾತ್ರ ತಲುಪುತ್ತದೆ ಎಂದು ಮಹಾಂತಪ್ಪನಿಗೆ ಅನಿಸಿತು. ಅವನು ರಿಸರ್ಚ್ ಟ್ರಯಾಂಗಲ್ ಎಂಬ ಕಂಪನಿಗಳ ಪ್ರದೇಶದಲ್ಲಿ ಟೆಲಿಫೋನ್ ಎಂಜಿನಿಯರು. ಅಷ್ಟು ಭಕ್ತಿಯಿಂದ ಯಾವ ಯಂತ್ರವನ್ನೂ ಈವರೆಗೆ ನೋಡಿರಲಿಲ್ಲ.

ಪಾಸ್ಟರ್ ಡೇಲ್ ಹಾಬ್‌ಗುಡ್ ನಲವತ್ತರ ಆಸುಪಾಸಿನ ಮೃದು ಮನುಷ್ಯ. ಕುಡಿತ, ಕುಣಿತ ಎರಡೂ ಬ್ಯಾಪ್ಟಿಸ್ಟರಿಗೆ ನಿಷಿದ್ಧವಾದ್ದರಿಂದ ಕೇಳಲೇಬೇಕಾದ ಪ್ರಶ್ನೆಗಳನ್ನು ಸಂಕೋಚದಿಂದಲೇ ಕೇಳಿದ.

“ನಿಮ್ಮ ಕಾರ್ಯಕ್ರಮದಲ್ಲಿ ಮದ್ಯ ಇರುತ್ತದೆಯೇ?”

“ಇಲ್ಲ.”

“ಡ್ಯಾನ್ಸ್?”

“ಮಕ್ಕಳದು ಕೋಲಾಟ ಇದೆ. ಕೈಯಲ್ಲಿ ಕೋಲು ಹಿಡಿದುಕೊಂಡು.”

ಪಾಸ್ಟರ್ ಸ್ವಲ್ಪ ಯೋಚಿಸಿ, ಕೈಯಲ್ಲಿ ಕೋಲು ಇದ್ದರೆ ಅದು ವ್ಯಾಯಾಮದ ಲೆಕ್ಕಕ್ಕೆ ಬರುತ್ತದೆ ಎಂದು ತೀರ್ಮಾನಿಸಿದ. “ಹಂದಿ ಸುಡುವುದಾದರೆ ಹೊರಗಡೆ ಜಾಗ ಇದೆ.”

“ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ.”

ಮದ್ಯವಿಲ್ಲ, ಹಂದಿಯಿಲ್ಲ, ಮೊಟ್ಟೆಯೂ ಇಲ್ಲದೆ ಹಬ್ಬ ಮಾಡುವ ಜನರನ್ನು ಪಾಸ್ಟರ್ ಕರುಣೆಯಿಂದ ನೋಡಿದ. ಆಮೇಲೆ ಎಲ್ಲ ಅತಿಥಿಗಳಿಗೂ ಮಾಡುವಂತೆ, ಹಾಲ್‌ನ ಗೋಡೆಯ ಮೇಲಿದ್ದ ದೊಡ್ಡ ಚಿತ್ರದ ಮುಂದೆ ಅವನನ್ನು ನಿಲ್ಲಿಸಿದ. ಚಿತ್ರದಲ್ಲಿ ಉದ್ದ ಗಡ್ಡದ, ಉದ್ದ ಮೂಗಿನ, ಎಲ್ಲ ಬಗೆಯಲ್ಲೂ ಉದ್ದವಾಗಿದ್ದ ಒಬ್ಬ ಮನುಷ್ಯ ಕಪ್ಪು ಕೋಟು ತೊಟ್ಟು ನಿಂತಿದ್ದ.

“ಬ್ರದರ್ ಒಬದಾಯ ಕ್ರೆನ್‌ಶಾ,” ಎಂದ ಪಾಸ್ಟರ್. “ಈ ಚರ್ಚಿನ ಹೆಮ್ಮೆ. ೧೮೪೬ರಲ್ಲಿ ಇಲ್ಲಿಂದ ಒಬ್ಬರೇ ಹಡಗು ಹತ್ತಿ ನಿಮ್ಮ ದೇಶಕ್ಕೆ ಹೋದರು. ಅಲ್ಲಿಯೇ ತೀರಿಕೊಂಡರು. ಈ ವರ್ಷಕ್ಕೆ ನೂರೈವತ್ತು ವರ್ಷ. ಮಲಪ್ರಭಾ ನದಿಯ ದಂಡೆಯ ಹೊಳೆಬಸಾಪುರ. ನಮ್ಮ ಸಂಡೇ ಸ್ಕೂಲಿನ ಮಕ್ಕಳೂ ಈ ಹೆಸರನ್ನು ತಪ್ಪಿಲ್ಲದೆ ಹೇಳುತ್ತಾರೆ.”

“ಹೊಳೆಬಸಾಪುರ ನನ್ನ ಹೆಂಡತಿಯ ತವರೂರು,” ಎಂದ ಮಹಾಂತಪ್ಪ.

ಇದು ಅಪ್ಪಟ ನಿಜವಾಗಿತ್ತು. ಚರ್ಚಿನವರ ಮುಂದೆ ಅವನು ಆಡಿದ ಕೊನೆಯ ಅಪ್ಪಟ ನಿಜವೂ ಅದೇ.

ಪಾಸ್ಟರ್ ಅವನ ಎರಡೂ ಕೈಗಳನ್ನು ಹಿಡಿದುಕೊಂಡ. ಕಣ್ಣಲ್ಲಿ ನೀರು ಬಂದಿತ್ತು. “ಹಾಗಾದರೆ ನಿಮ್ಮ ಮನೆಯವರ ಹಿರಿಯರು ಬ್ರದರ್ ಒಬದಾಯ ಅವರಿಂದ ಬೆಳಕು ಕಂಡವರೇ?”

ಮಹಾಂತಪ್ಪನ ದೃಷ್ಟಿ ಪಾಸ್ಟರನ ಹೆಗಲ ಮೇಲಿಂದ ಹಾದು ಅಡುಗೆಮನೆಯ ಬಾಗಿಲು, ಬಾಗಿಲಿನಾಚೆಗಿನ ಎಂಟು ಬರ್ನರು, ಅದರ ಮೇಲಿನ ಫ್ಯಾನು, ಇವನ್ನೆಲ್ಲ ಮುಟ್ಟಿ ಬಂತು. “ಊರಲ್ಲಿ ಅವರನ್ನು ಅರಿಯದವರೇ ಇಲ್ಲ,” ಎಂದ. ಒಬದಾಯ ಕ್ರೆನ್‌ಶಾ ಎಂಬ ಹೆಸರನ್ನು ಅವನು ಅದೇ ಮೊದಲ ಸಲ ಕೇಳಿದ್ದು.

ಮುಂದಿನ ಭಾನುವಾರವೇ ಚರ್ಚಿನ ಸಂಸ್ಥಾಪಕರ ದಿನ. ‘ಒಬದಾಯ ಕ್ರೆನ್‌ಶಾ: ಜೀವನ ಮತ್ತು ಪ್ರಭಾವ’ ಎಂಬ ವಿಷಯದ ಮೇಲೆ ಪಾಸ್ಟರನ ಬಾಯಲ್ಲಿ ‘ಬ್ರದರ್ ಮಹಾನ್’ ಆಗಿದ್ದ ಮಹಾಂತಪ್ಪ ಮಾತನಾಡಬೇಕೆಂದು ನಿಂತ ನಿಲುವಿನಲ್ಲೇ ನಿಶ್ಚಯವಾಯಿತು. ಹಾಲ್ ಕೊಡುವ ಬಿಡುವ ವಿಷಯವನ್ನು ಅಂದೇ ಕಮಿಟಿ ತೀರ್ಮಾನಿಸುತ್ತದೆ. ಕಮಿಟಿ ಎಂದರೆ ಮಿಸ್ ಯೂಲಾ ಎಂದು ಪಾಸ್ಟರ್ ದನಿ ತಗ್ಗಿಸಿ ಹೇಳಿದ. ಒಬದಾಯನ ತಮ್ಮನ ಮರಿಮಗಳು, ಎಂಬತ್ತು ದಾಟಿದ ಮದುವೆಯಾಗದ ಹೆಂಗಸು. ಅಡುಗೆಮನೆಯ ಕೀಲಿ ಆಕೆಯ ಕೊರಳಲ್ಲಿ ದಾರಕ್ಕೆ ಕಟ್ಟಿಕೊಂಡು ಇರುತ್ತಿತ್ತು.

ಅವನ ಹೆಂಡತಿ ಶಾಂತವ್ವ ಕೌಂಟಿ ಕ್ಲಿನಿಕ್ಕಿನಲ್ಲಿ ಮಕ್ಕಳ ಡಾಕ್ಟರು. ಸಂಜೆ ಕೆಲಸದಿಂದ ಬಂದು ಸೋಫಾದ ಮೇಲೆ ಕಾಲು ಮಡಚಿ ಕುಳಿತು ಹಚ್ಚಿದ ಅವಲಕ್ಕಿ ತಿನ್ನುತ್ತಿದ್ದಳು. ಮಹಾಂತಪ್ಪ ಬೂಟು ಬಿಚ್ಚುತ್ತಲೇ ಕೇಳಿದ.

“ನಿಮ್ಮೂರಾಗ ಹಿಂದಕ ಒಬದಾಯ ಕ್ರೆನ್‌ಶಾ ಅಂತ ಒಬ್ಬ ಪಾದ್ರಿ ಇದ್ನೇನ?”

“ಯಾರು, ಓಬಯ್ಯಜ್ಜನ?”

“ಪಾದ್ರಿ ಅಜ್ಜ ಹೆಂಗ ಆದ?”

“ಗದ್ದಿಗಿ ಐತಲ್ರಿ, ಮಠದ ಹಿಂದ, ಹೊಳಿ ಕಡೆ. ನನಗ ನಾಯಿಕೆಮ್ಮ ಬಂದಾಗ ನಮ್ಮವ್ವ ಅಲ್ಲಿಗೇ ಎತಗೊಂಡು ಹೋಗಿದ್ಲು. ಕೆಮ್ಮಿಗೆ ಓಬಯ್ಯಜ್ಜಗ ಪೆಪ್ಪರಮೆಂಟ ಏರಸ್ತಾರ. ಅಂವ ಬದುಕಿದ್ದಾಗ ಹುಡುಗರಿಗೆ ಅದನ್ನ ಕೊಡ್ತಿದ್ನಂತ.”

“ಕೆಮ್ಮ ಹೋತೇನ?”

“ಒಂದೂವರಿ ತಿಂಗಳಿಗೆ ಹೋತು. ಏರಿಸದಿದ್ರೂ ಅಷ್ಟ ಹೊತ್ತಿಗೆ ಹೋಗ್ತಿತ್ತು. ಅದನ್ನ ನಮ್ಮವ್ವನ ಮುಂದ ಅನಬ್ಯಾಡ್ರಿ.”

ಮಹಾಂತಪ್ಪ ಅವಳ ಎದುರು ಕುಳಿತ. “ಶಾಂತಾ, ಸಮಾಧಾನದಿಂದ ವಿಚಾರ ಮಾಡಿ ಹೇಳು. ಊರಾಗ ಎಷ್ಟ ಮಂದಿ ಅವನಿಂದ ಕ್ರಿಶ್ಚಿಯನ್ ಆದ್ರು?”

“ಯಾರೂ ಇಲ್ಲ.”

“ಸುಮಾರು?”

“ಯಾರೂ ಇಲ್ಲ ಅಂದ್ರ ಸುಮಾರು ಎಷ್ಟ ಹೇಳ್ಲಿ? ಕೊಪ್ಪದ ಮನಿತನದ ಮುದುಕ ಒಬ್ಬಾವ ಆಗತೇನಿ ಅಂದಿದ್ನಂತ. ಸೊಸಿ ಸಿಟ್ಟಿಗೆದ್ಲು. ಬಿಟ್ಟಬಿಟ್ಟ.”

“ಮತ್ತ ಅಷ್ಟ ವರ್ಷ ಏನ ಮಾಡಿದ?”

“ದಿನಾ ಸಂಜಿಮುಂದ ಮಠದ ಕಟ್ಟಿ ಮ್ಯಾಲೆ ಕುಂತು ಸ್ವಾಮಿಗಳ ಜೋಡಿ ವಾದಾ ಮಾಡ್ತಿದ್ನಂತ. ದೇವರು ಒಬ್ಬನ ಅಂತ ಅಂವ ಅನ್ನಾಂವ. ಹೌದು ಒಬ್ಬನ ಅಂತ ಸ್ವಾಮಿಗಳು. ಮೂರ್ತಿ ಪೂಜಿ ತಪ್ಪು ಅಂತ ಅಂವ. ಹೌದ್ರಿ, ಗುಡಿ ಗುಂಡಾರ ಯಾಕ ಬೇಕು ಅಂತ ಸ್ವಾಮಿಗಳು. ಜಾತಿ ಮಾಡೂದು ಪಾಪ ಅಂತ ಅಂವ. ಅದನ್ನ ಬಸವಣ್ಣ ಹೇಳಿ ಏಳನೂರ ವರ್ಷ ಆತು ಅಂತ ಸ್ವಾಮಿಗಳು. ಜಗಳಾ ಹಚ್ಚಾಕ ಎಲ್ಲೂ ಜಾಗಾನ ಸಿಗಲಿಲ್ಲ ಅಂವಗ. ಹೊತ್ತಾತು, ಉಂಡು ಹೋಗ್ರಿ ಅಂತಿದ್ರು. ಉಂಡು ಹೋಗ್ತಿದ್ದ. ಹಿಂಗ ಇಪ್ಪತ್ತ ಚಿಲ್ಲರಿ ವರ್ಷ.”

“ಆಮ್ಯಾಲೆ?”

“ಆಮ್ಯಾಲೆ ಸತ್ತ. ಕುಂದರಿಸಿ ಮಣ್ಣ ಮಾಡಿದ್ರು.”

ಮಹಾಂತಪ್ಪನ ಕೈಯಲ್ಲಿದ್ದ ಕಾಲುಚೀಲ ಕೆಳಗೆ ಬಿತ್ತು. ಲಿಂಗಾಯತರು ತೀರಿಕೊಂಡರೆ ಮಲಗಿಸಿ ಹೂಳುವುದಿಲ್ಲ. ಪದ್ಮಾಸನದಲ್ಲಿ ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಚೌಕಾಕಾರದ ಗುಂಡಿಗೆ ಇಳಿಸುತ್ತಾರೆ. ಸ್ವಾಮಿಗಳಾದರೆ ಮೇಲೊಂದು ಗದ್ದುಗೆ ಕಟ್ಟುತ್ತಾರೆ. ಇದೆಲ್ಲ ಅವನಿಗೆ ಗೊತ್ತಿದ್ದದ್ದೇ. ಗೊತ್ತಿಲ್ಲದಿದ್ದದ್ದು, ಇದನ್ನು ಒಬ್ಬ ಬ್ಯಾಪ್ಟಿಸ್ಟ್ ಪಾದ್ರಿಗೆ ಮಾಡಬಹುದು ಎಂಬುದು.

“ಪಾದ್ರಿನ್ನ ಕುಂದರಿಸಿದ್ರ?”

“ಮತ್ತೇನು, ಉದ್ದಕ ಮಲಗಸಾಕ ಅಂವೇನ ಪರದೇಶಿ ಏನು?” ಶಾಂತವ್ವ ಬಟ್ಟಲಿನ ತಳದಲ್ಲಿದ್ದ ಶೇಂಗಾ ಹುಡುಕುತ್ತ ಅಂದಳು.

ಮಹಾಂತಪ್ಪ ಎದ್ದು ಕಾರ್ಪೆಟ್ಟಿನ ಮೇಲೆ ಅಡ್ಡಾಡಿದ. ಇಷ್ಟೂ ಗೊತ್ತಾದರೆ ಆ ಚರ್ಚಿನವರು ಹಾಲ್ ಕೊಡುವುದಿರಲಿ, ಪಾರ್ಕಿಂಗ್ ಲಾಟಿನಲ್ಲಿ ಕಾರು ತಿರುಗಿಸಿಕೊಳ್ಳಲೂ ಬಿಡುವುದಿಲ್ಲ. “ಭಾನುವಾರ ನಾ ಮಾತಾಡ್ತೀನಿ. ನೀ ಬಾಯಿ ಬಿಡಬ್ಯಾಡ.”

“ಯಾರರ ಕೇಳಿದ್ರ?”

“ಇಂಗ್ಲಿಷ್ ಬರೂದಿಲ್ಲ ಅನ್ನು.”

“ಆ ಚರ್ಚಿನ ಅರ್ಧ ಹುಡುಗರಿಗೆ ನಾನ ಇಂಜೆಕ್ಷನ್ ಮಾಡೀನಿ. ಅವರವ್ವಂದಿರ ಜೋಡಿ ಇಷ್ಟ ದಿನಾ ಕೈಸನ್ನಿ ಮಾಡೀನೇನ? ನೀವು ಸುಳ್ಳ ಹೇಳ್ರಿ, ನಾ ಅಡ್ಡ ಬರೂದಿಲ್ಲ. ನನ್ನ ಕೇಳಿದ್ರ ನಾ ಸುಳ್ಳ ಹೇಳೂದಿಲ್ಲ.”

“ನಾನೂ ಸುಳ್ಳ ಹೇಳೂದಿಲ್ಲ,” ಎಂದ ಮಹಾಂತಪ್ಪ ಗಾಂಭೀರ್ಯದಿಂದ. ವಾರವಿಡೀ ಆಫೀಸಿನಲ್ಲಿ ಕುಳಿತು ಅವನು ಮಾಡಿದ ಕೆಲಸ ಅದೇ. ಒಂದೂ ಸುಳ್ಳಿಲ್ಲದ, ಒಂದೂ ನಿಜ ಹೊರಬೀಳದ ಭಾಷಣವೊಂದನ್ನು ಸಿದ್ಧಪಡಿಸಿದ.

ಭಾನುವಾರ ಪ್ರಾರ್ಥನೆ ಮುಗಿಸಿ ಎಲ್ಲರೂ ಹಾಲ್‌ನಲ್ಲಿ ಸೇರಿದರು. ವೇದಿಕೆಯ ಪಕ್ಕ ಬಿಳಿ ಬೆಡ್‌ಶೀಟ್ ಹೊದಿಸಿದ ಉದ್ದನೆಯ ಮೇಜೊಂದು ಇತ್ತು. ಕೇಕುಗಳನ್ನು ಮುಚ್ಚಿಟ್ಟಿದ್ದಾರೆ ಎಂದುಕೊಂಡ ಮಹಾಂತಪ್ಪ ತನ್ನ ಕಾಫಿ ಲೋಟವನ್ನು ಅದರ ಮೇಲಿಟ್ಟು ಮೈಕಿನ ಮುಂದೆ ನಿಂತ. ಮೊದಲ ಸಾಲಿನಲ್ಲಿ ಮಿಸ್ ಯೂಲಾ, ಕೊರಳಲ್ಲಿ ಕೀಲಿ, ಕೈಯಲ್ಲಿ ಬೆತ್ತ. ಆಕೆಯ ಪಕ್ಕದಲ್ಲೇ ಶಾಂತವ್ವನನ್ನು ಕೂರಿಸಿದ್ದರು. ಅದು ಅವನಿಗೆ ಅಷ್ಟು ಸರಿಬರಲಿಲ್ಲ.

“ಹೊಳೆಬಸಾಪುರದಲ್ಲಿ,” ಎಂದು ಅವನು ಆರಂಭಿಸಿದ, “ಒಬದಾಯ ಕ್ರೆನ್‌ಶಾ ಅವರ ಹೆಸರು ಎತ್ತದೆ ಒಂದು ಮಗುವೂ ದೊಡ್ಡದಾಗುವುದಿಲ್ಲ.”

“ಆಮೆನ್,” ಎಂದರು ಹಿಂದಿನ ಸಾಲಿನಿಂದ ಯಾರೋ.

ಮಹಾಂತಪ್ಪ ಬೆಚ್ಚಿದ. ಕನ್ನಡ ಕೂಟದಲ್ಲಿ ಅವನು ಭಾಷಣ ಮಾಡುವಾಗ ಜನ ಊಟದ ಲೈನ್ ಎಲ್ಲಿಂದ ಶುರು ಎಂದು ತಮ್ಮತಮ್ಮಲ್ಲಿ ಮಾತಾಡುತ್ತಿದ್ದರೇ ಹೊರತು ಯಾರೂ ಹೀಗೆ ಹೂಂಗುಟ್ಟಿರಲಿಲ್ಲ. ಅವನಿಗೆ ಹುರುಪು ಬಂತು. “ತಾಯಂದಿರು ಕಾಯಿಲೆಯ ಮಕ್ಕಳನ್ನು ಎತ್ತಿಕೊಂಡು ಇವತ್ತಿಗೂ ಅವರ ಸಮಾಧಿಗೆ ಬರುತ್ತಾರೆ.”

“ಆಮೆನ್.” ಈ ಸಲ ನಾಲ್ಕೈದು ಕಂಠ.

“ಅವರು ದೇವರು ಒಬ್ಬನೇ ಎಂದರು. ಇಡೀ ಊರು ಹೌದು ಎಂದಿತು.”

“ಆಮೆನ್, ಬ್ರದರ್.”

“ಜಾತಿ ಪಾಪ ಎಂದರು. ಊರಿನ ಗುರುಗಳೇ ಎದ್ದು ಹೌದು ಎಂದರು.”

ಹೆಂಗಸೊಬ್ಬಳು ಕರ್ಚೀಫು ತೆಗೆದು ಕಣ್ಣೊರೆಸಿಕೊಂಡಳು. ಬಯಲಾಟದಲ್ಲಿ ಸೀಟಿ ಬಿದ್ದಷ್ಟೂ ಎತ್ತರಕ್ಕೆ ಹಾರುವ ಪಾತ್ರಧಾರಿಯ ಹಾಗೆ ಮಹಾಂತಪ್ಪ ಒಂದೊಂದು ಆಮೆನ್ನಿಗೆ ಒಂದೊಂದು ಮೆಟ್ಟಿಲು ಏರುತ್ತ ಹೋದ. ಬರೆದುಕೊಂಡಿದ್ದ ಭಾಷಣ ಎಲ್ಲೋ ಹಿಂದೆ ಉಳಿಯಿತು. ಕೊನೆಗೆ, “ಇವತ್ತು ಆ ಊರಿಗೆ ಊರೇ ಅವರದು,” ಎಂದು ಬಲಗೈ ಎತ್ತಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮಿಸ್ ಯೂಲಾ ಮಾತ್ರ ಏಳಲಿಲ್ಲ. ಶಾಂತವ್ವ ಚಾವಣಿಯ ಫ್ಯಾನು ನೋಡುತ್ತಿದ್ದಳು.

ಆಗ ಎದ್ದವನು ಡೀಕನ್ ವರ್ಜಿಲ್ ಸ್ಟ್ರೌಡ್. ಚರ್ಚಿನ ಹಿರಿಯ, ಗ್ರಾನೈಟ್ ವ್ಯಾಪಾರಿ, ಕಂಬದಂಥ ಆಳು. ಮಾತಿಲ್ಲದೆ ಮಹಾಂತಪ್ಪನ ಕಾಫಿ ಲೋಟವನ್ನು ಎತ್ತಿ ಅವನ ಕೈಗೆ ಕೊಟ್ಟು, ಬೆಡ್‌ಶೀಟ್ ಎಳೆದ. ಕೇಕು ಇರಲಿಲ್ಲ. ಮರದ ಕಾಲುಗಳ ಮೇಲೆ ಬೆಳ್ಳಗೆ ಹೊಳೆಯುವ ಕಲ್ಲಿನ ಚಪ್ಪಡಿಯೊಂದು ಮಲಗಿತ್ತು. ಒಂದು ತುದಿಯಲ್ಲಿ ಶಿಲುಬೆ, ನಡುವೆ ಹೆಸರು, ಕೆಳಗೆ ಎರಡು ಸಾಲು ಬೈಬಲ್.

“ಆರೂವರೆ ಅಡಿ,” ಎಂದ ಡೀಕನ್. “ಒಬದಾಯ ಆರಡಿ ಮೂರಿಂಚು ಇದ್ದರು. ತಲೆಗೊಂದಿಷ್ಟು ಕಾಲಿಗೊಂದಿಷ್ಟು ಬಿಟ್ಟಿದ್ದೇನೆ. ಹಡಗಿನ ಏರ್ಪಾಟು ಆಗಿದೆ. ನೂರಿಪ್ಪತ್ತೈದು ವರ್ಷ ಅವರು ಹೆಸರಿಲ್ಲದೆ ಮಲಗಿದ್ದು ಸಾಕು. ಬ್ರದರ್ ಮಹಾನ್, ಒಂದೇ ಮಾತು ಹೇಳಿ. ಶಿಲುಬೆ ತಲೆಯ ಕಡೆ ಬರಬೇಕು. ತಲೆ ಯಾವ ಕಡೆ ಇದೆ?”

ಮಹಾಂತಪ್ಪ ಕಾಫಿ ಕುಡಿದ. ಲೋಟದಲ್ಲಿ ಕಾಫಿ ಇರಲಿಲ್ಲ.

“ತಲೆ,” ಎಂದ, “ಮೇಲ್ಗಡೆ.”

“ಮೇಲ್ಗಡೆ ಎಂದರೆ ಉತ್ತರವೇ?”

“ಉತ್ತರ ಅನ್ನುವುದಕ್ಕಿಂತ… ಮೇಲೆ.”

“ಕಾಲು?”

“ಕೆಳಗೆ.”

“ಗುಡ್ಡದ ಇಳಿಜಾರೋ?” ಎಂದು ಡೀಕನ್ ಹುಬ್ಬು ಗಂಟಿಕ್ಕಿದ. ಅವನ ವ್ಯಾಪಾರದಲ್ಲಿ ಇಳಿಜಾರು ದೊಡ್ಡ ತಲೆನೋವು. “ಇಳಿಜಾರಿದ್ದರೆ ಚಪ್ಪಡಿ ಜಾರುತ್ತದೆ. ಎಷ್ಟು ಡಿಗ್ರಿ ಇದ್ದೀತು?”

“ಸುಮಾರು ತೊಂಬತ್ತು,” ಎಂದುಬಿಟ್ಟ ಮಹಾಂತಪ್ಪ. ಎಂಜಿನಿಯರನ ಬಾಯಿ, ಕೋನ ಕೇಳಿದರೆ ಉತ್ತರ ತಾನಾಗಿಯೇ ಬಂತು.

ಮಿಸ್ ಯೂಲಾಳ ಬೆತ್ತ ನೆಲಕ್ಕೆ ಒಂದು ಸಲ ಬಡಿಯಿತು. ಆಕೆ ಮಹಾಂತಪ್ಪನನ್ನು ಬಿಟ್ಟು ಪಕ್ಕಕ್ಕೆ ತಿರುಗಿದಳು.

“ಡಾಕ್ಟರ್, ಆ ಊರಲ್ಲಿ ಹುಟ್ಟಿದವಳು ನೀನು ತಾನೇ? ಸಮಾಧಿ ಎಷ್ಟು ಉದ್ದ ಇದೆ?”

“ಮೂರಡಿ,” ಎಂದಳು ಶಾಂತವ್ವ.

“ಅಗಲ?”

“ಅದೂ ಮೂರಡಿ.”

“ಅವರನ್ನು ಮಡಚಿದರೇ?”

“ಕೂರಿಸಿದರು.”

ಮಹಾಂತಪ್ಪ ಕಣ್ಣು ಮುಚ್ಚಿದ. ಕತ್ತಲೆಯಲ್ಲಿ ಅವನಿಗೆ ಪನೀರ್ ಬಟರ್ ಮಸಾಲಾದ ಕೆಂಪು ಬೋಗುಣಿ ಕಾಣಿಸಿತು. ಅದರ ಪಕ್ಕ ಸೌಟು ಹಿಡಿದು ಗುರುರಾಜ ನಿಂತಿದ್ದ. ಶಾಂತವ್ವನ ದನಿ ಮಾತ್ರ ಕ್ಲಿನಿಕ್ಕಿನಲ್ಲಿ ತಾಯಂದಿರಿಗೆ ಔಷಧಿ ವಿವರಿಸುವ ಹಾಗೆ, ಏರದೆ ಇಳಿಯದೆ ಕೇಳುತ್ತಿತ್ತು. ನಮ್ಮ ಜನರನ್ನು ನಾವು ಕೂರಿಸುತ್ತೇವೆ. ಹೊರಗಿನವರಾದರೆ ಅವರವರ ರೀತಿಗೆ ಬಿಡುತ್ತೇವೆ. ಇವರು ಹೊರಗಿನವರೋ ನಮ್ಮವರೋ ಎಂದು ಊರಲ್ಲಿ ಮಾತಾಯಿತಂತೆ. ಅಷ್ಟು ವರ್ಷ ಒಂದೇ ಪಂಕ್ತಿಯಲ್ಲಿ ಉಂಡವನನ್ನು ಈಗ ಹೊರಗಿನವನು ಎಂದರೆ ಹೇಗೆ ಎಂದು ಸ್ವಾಮಿಗಳು ಕೇಳಿದರಂತೆ. ಮಠದ ಹಿಂದೆಯೇ ಜಾಗ ಕೊಟ್ಟರು.

“ಎಷ್ಟು ಜನರಿಗೆ ದೀಕ್ಷಾಸ್ನಾನ ಮಾಡಿಸಿದರು?” ಎಂದಳು ಮಿಸ್ ಯೂಲಾ.

“ಯಾರಿಗೂ ಇಲ್ಲ.”

ಕರ್ಚೀಫಿನ ಹೆಂಗಸು ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿದಳು. ಡೀಕನ್ ವರ್ಜಿಲನ ಕತ್ತು ಕೆಂಪಾಯಿತು. “ಒಬ್ಬ ಬ್ಯಾಪ್ಟಿಸ್ಟನನ್ನು,” ಎಂದ ಅವನು, “ಕುರ್ಚಿಯಲ್ಲಿ ಕೂರಿಸಿದ ಹಾಗೆ ಕೂರಿಸಿ ಹೂತಿದ್ದಾರೆ. ಇದಕ್ಕೆ ಶಾಸ್ತ್ರದಲ್ಲಿ ಆಧಾರ ಎಲ್ಲಿದೆ?”

“ವಿರೋಧವೂ ಇಲ್ಲ,” ಎಂದ ಪಾಸ್ಟರ್ ಡೇಲ್ ಮೆಲ್ಲಗೆ. “ಕರ್ತನಾದ ಯೇಸುವೇ ಸ್ವರ್ಗದಲ್ಲಿ ತಂದೆಯ ಬಲಗಡೆ ಕುಳಿತಿದ್ದಾನೆ.”

“ಅದು ಸಮಾಧಿಯಿಂದ ಎದ್ದು ಹೋದ ಮೇಲೆ.”

“ಹಾಗಾದರೆ ಒಬದಾಯ ಒಂದು ಹೆಜ್ಜೆ ಮುಂದೆಯೇ ಇದ್ದಾರೆ, ವರ್ಜಿಲ್.”

ಡೀಕನ್ನನಿಗೆ ಇದು ಒಪ್ಪಿಗೆಯಾಗಲಿಲ್ಲ. ಅವನು ಶಾಂತವ್ವನ ಕಡೆ ತಿರುಗಿದ. “ನಿಮ್ಮವರು ಸತ್ತವರ ಕೈಯಲ್ಲಿ ಅದೇನೋ ಕಲ್ಲು ಇಡುತ್ತಾರಂತೆ. ಪುಸ್ತಕದಲ್ಲಿ ಓದಿದ್ದೇನೆ. ಒಬದಾಯನ ಕೈಯಲ್ಲೂ ಅದನ್ನು ಇಟ್ಟರೋ?”

ಮಹಾಂತಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಮೈಕು ಇದೆ ಎಂಬುದನ್ನೂ ಮರೆತು ಕನ್ನಡದಲ್ಲೇ ಅಂದ, “ಶಾಂತಾ, ಸಾಕ ಮಾಡವಾ. ಹಾಲ್ ಹೋತು. ಮರ್ಯಾದಿಯರ ಉಳೀಲಿ.” ಅದು ಹಾಲ್‌ನ ನಾಲ್ಕೂ ಮೂಲೆಯ ಸ್ಪೀಕರಿನಲ್ಲಿ ಕೇಳಿಸಿತು. ಪ್ರಾರ್ಥನೆಯೇನೋ ಎಂದುಕೊಂಡು ಹಿಂದಿನ ಸಾಲಿನ ಮುದುಕನೊಬ್ಬ ಆಮೆನ್ ಎಂದ.

“ಇಡಲಿಲ್ಲ,” ಎಂದಳು ಶಾಂತವ್ವ ಡೀಕನ್ನನಿಗೆ. “ನಮ್ಮವರ ಕೈಯಲ್ಲಿ ಲಿಂಗ ಇಡುತ್ತೇವೆ. ಇವರಿಗೆ ಏನು ಇಡುವುದು ಎಂದು ಕೇಳಿದಾಗ, ಅವನದು ಅವನಿಗೆ ಎಂದರಂತೆ ಸ್ವಾಮಿಗಳು. ಅವರ ಬೈಬಲನ್ನೇ ತೆರೆದು ಅಂಗೈ ಮೇಲೆ ಇಟ್ಟರು. ನಮ್ಮ ಅಜ್ಜಿ ಹೇಳುತ್ತಿದ್ದಳು, ಓಬಯ್ಯಜ್ಜ ಒಳಗೆ ಕೂತು ಓದುತ್ತಿದ್ದಾನೆ, ಗದ್ದುಗೆಯ ಹತ್ತಿರ ಗದ್ದಲ ಮಾಡಬೇಡಿ ಅಂತ.”

ಡೀಕನ್ ವರ್ಜಿಲ್ ಕನ್ನಡಕ ತೆಗೆದು ಬೆಡ್‌ಶೀಟಿನ ತುದಿಯಿಂದ ಬಹಳ ಹೊತ್ತು ಒರೆಸಿದ. ಆಮೇಲೆ ಹೋಗಿ ತನ್ನ ಕಲ್ಲಿನ ಮೇಲೆಯೇ ಕುಳಿತುಕೊಂಡ.

ಮಿಸ್ ಯೂಲಾ ನಗುತ್ತಿದ್ದಳು. ದನಿಯಿಲ್ಲದ, ಹೆಗಲು ಮಾತ್ರ ಕುಣಿಯುವ ನಗೆ.

“ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು,” ಎಂದಳು. “ಒಬ್ಬರೂ ಕ್ರೈಸ್ತರಾಗಲಿಲ್ಲ ಎಂದು ಒಬದಾಯ ಅವರೇ ವರ್ಷವರ್ಷ ಪತ್ರ ಬರೆದು ತಿಳಿಸುತ್ತಿದ್ದರು. ಈ ಚರ್ಚಿನವರಿಗೆ ಅದು ಕೇಳಿಸಲಿಲ್ಲ. ಕೇಳಿಸಿದ ಮೇಲೆ ಸಂಬಳ ನಿಲ್ಲಿಸಿದರು. ತೀರಿಹೋದ ಮೇಲೆ ಚಿತ್ರ ಬರೆಸಿದರು. ನನ್ನ ಅಜ್ಜನಿಗೆ ಕೊನೆಯವರೆಗೂ ಒಂದೇ ಚಿಂತೆ. ಸಂಬಳವಿಲ್ಲದೆ ಆ ಮನುಷ್ಯ ಅಷ್ಟು ವರ್ಷ ಏನು ತಿಂದ ಅಂತ.” ಆಕೆ ಶಾಂತವ್ವನ ಮಣಿಕಟ್ಟು ಹಿಡಿದಳು. “ದಿನವೂ ಊಟ ಹಾಕುತ್ತಿದ್ದರೇ?”

“ದಿನಾಲೂ.”

“ಸಂಬಳ ನಿಂತ ಮೇಲೂ?”

“ಸಂಬಳ ಇತ್ತು ಅಂತಲೇ ನಮ್ಮೂರಿನವರಿಗೆ ಗೊತ್ತಿರಲಿಲ್ಲ. ಮಠದಲ್ಲಿ ಊಟಕ್ಕೆ ಬಂದವರನ್ನು ಯಾರೂ ಏನೂ ಕೇಳುವುದಿಲ್ಲ. ಈಗಲೂ ಕೇಳುವುದಿಲ್ಲ.”

“ಏನು ಊಟ?”

“ಜೋಳದ ರೊಟ್ಟಿ, ಪಲ್ಯ, ನುಚ್ಚು, ಮಜ್ಜಿಗೆ. ಹಬ್ಬ ಇದ್ದರೆ ಹೋಳಿಗೆ.”

“ಆ ರೊಟ್ಟಿಯನ್ನೇ ನೀವು ಇಲ್ಲಿ ಮಾಡಬೇಕು ಅಂತಿರುವುದೋ?”

“ಅದನ್ನೇ.”

ಮಿಸ್ ಯೂಲಾ ಕೊರಳಿನ ದಾರವನ್ನು ತಲೆಯ ಮೇಲಿಂದ ತೆಗೆಯಲು ಹೋದಳು. ಕಿವಿಯ ಶ್ರವಣಯಂತ್ರಕ್ಕೆ ಸಿಕ್ಕಿಕೊಂಡಿತು. ಶಾಂತವ್ವ ಬಿಡಿಸಿಕೊಟ್ಟಳು. ಮಹಾಂತಪ್ಪ ವೇದಿಕೆಯಿಂದ ಇಳಿದು, ಅಧ್ಯಕ್ಷರಿಗೆ ತಕ್ಕ ವಿನಯದಿಂದ ಎರಡೂ ಕೈ ಚಾಚಿ ಮುಂದೆ ಬಂದ.

“ನಿನಗಲ್ಲ,” ಎಂದಳು ಮಿಸ್ ಯೂಲಾ. “ನೀನು ಚೆನ್ನಾಗಿ ಮಾತಾಡುತ್ತೀಯ, ಮಗನೇ. ಕೀಲಿ ಡಾಕ್ಟರ್ ಹತ್ತಿರ ಇರಲಿ. ಪಾತ್ರೆ ತೊಳೆದಿಡಬೇಕು, ಒಲೆ ಒರೆಸಬೇಕು. ನಾನು ಬಂದು ನೋಡುತ್ತೇನೆ. ಊಟಕ್ಕೂ ಇರುತ್ತೇನೆ.”

ಮನೆಯ ದಾರಿಯಲ್ಲಿ ಕಾರು ಸಿಗ್ನಲಿನಲ್ಲಿ ನಿಂತಾಗ ಮಹಾಂತಪ್ಪ ಅಂದ, “ಬೈಬಲ್ ಇಟ್ಟಿದ್ದು ನನಗ ಯಾಕ ಮೊದಲ ಹೇಳಲಿಲ್ಲ?”

“ನೀವು ಕೇಳಲಿಲ್ಲ. ಎಷ್ಟ ಮಂದಿ, ಸುಮಾರು ಎಷ್ಟ ಮಂದಿ ಅಂತ ಕೇಳಾಕತ್ತಿದ್ರಿ.”

“ಹೇಳಿದ್ರ ಭಾಷಣದಾಗ ಹಾಕೊಂತಿದ್ದೆ.”

“ಅದಕ್ಕ ಹೇಳಲಿಲ್ಲ,” ಎಂದಳು ಶಾಂತವ್ವ. “ಗ್ರೀನ್ ಬಿತ್ತು, ಹೊಡೀರಿ.”

ಮನೆಗೆ ಬಂದಾಗ ಫೋನ್ ಬಡಿದುಕೊಳ್ಳುತ್ತಿತ್ತು. ಗುರುರಾಜ.

“ಸಾರ್, ಹೋಟೆಲ್‌ನವರು ಇವತ್ತೇ ಡಿಸೈಡ್ ಮಾಡಿ ಅಂತಿದಾರೆ. ಏನ್ ಹೇಳ್ಲಿ?”

“ಹಾಲ್ ಆತು ಅಂತ ಹೇಳ್ರಿ. ಒಲಿ ಎಂಟು.”

“ಕಂಗ್ರಾಜುಲೇಷನ್ಸ್ ಸಾರ್. ಹೇಗ್ ಕನ್ವಿನ್ಸ್ ಮಾಡಿದ್ರಿ?”

ಮಹಾಂತಪ್ಪ ಸೋಫಾದ ಕಡೆ ನೋಡಿದ. ಶಾಂತವ್ವ ಇವನನ್ನೇ ನೋಡುತ್ತ ಕುಳಿತಿದ್ದಳು. ಸುಳ್ಳೂ ಅಲ್ಲದ ನಿಜವೂ ಅಲ್ಲದ ಒಂದೆರಡು ವಾಕ್ಯಗಳು ಅವನ ನಾಲಿಗೆಯ ತುದಿಯವರೆಗೆ ಬಂದು ಹಿಂದಕ್ಕೆ ಹೋದವು.

“ನಾ ಮಾಡಲಿಲ್ಲ,” ಎಂದ. “ನಮ್ಮ ಮನಿಯಾಕಿ ಮಾಡಿದ್ಲು.”

“ಹೌದಾ ಸಾರ್,” ಎಂದ ಗುರುರಾಜ. ಆ ಮಾತನ್ನು ಅವನು ಮನಸ್ಸಿನಲ್ಲಿ ಎಲ್ಲೋ ಜೋಪಾನವಾಗಿ ಎತ್ತಿಟ್ಟುಕೊಂಡದ್ದು ಫೋನಿನಲ್ಲೇ ಗೊತ್ತಾಗುವಂತಿತ್ತು.

ಬಸವ ಜಯಂತಿ ಏಪ್ರಿಲ್ ತಿಂಗಳಲ್ಲಿ ಕ್ರೆನ್‌ಶಾ ಚಾಪೆಲ್ಲಿನ ಹಾಲ್‌ನಲ್ಲಿ ನಡೆಯಿತು. ಊಟ ಎಲ್ಲರಿಗೂ ಸಾಲಿತು. ಡೀಕನ್ ವರ್ಜಿಲ್ ಎರಡು ಸಲ ಹಾಕಿಸಿಕೊಂಡ. ಜೂನ್ ತಿಂಗಳ ಸರ್ವಸದಸ್ಯರ ಸಭೆಯಲ್ಲಿ ಕನ್ನಡ ಕೂಟದ ಹೊಸ ಅಧ್ಯಕ್ಷರಾಗಿ ಡಾಕ್ಟರ್ ಶಾಂತವ್ವ ಅವಿರೋಧವಾಗಿ ಆಯ್ಕೆಯಾದರು.